ಉಳಿ, ಬಾಚಿ, ರೂಟರ್: ಹಾಸನ ಸೀಮೆಯ ಮರಗೆಲಸ ಮತ್ತು ತಂತಿವಾದ್ಯದ ಉಪಕರಣಗಳು

ಹಾಸನ ಸೀಮೆಯ ಕುಶಲಕಲೆಗಳ ಚರಿತ್ರೆಯಲ್ಲಿ ಶಿಲ್ಪಕ್ಕೆ ಸಂದ ಗಮನ ಶಿಲ್ಪಿಯ ಉಳಿಗೆ ಸಂದಿಲ್ಲ. ಹಾಗೆಯೇ ಈ ಸೀಮೆಯ ಗಾಯಕರಿಗೂ ವೈಣಿಕರಿಗೂ ದೊರೆತ ಗೌರವ ಅವರ ವಾದ್ಯಗಳನ್ನು ಕಡೆದ ಬಡಗಿಗಳಿಗೆ ದೊರೆತಿಲ್ಲ. ದೇವಾಲಯಗಳ ತಲವಿನ್ಯಾಸ, ಶಾಸನಗಳ ಕಾಲ, ವಾಗ್ಗೇಯಕಾರರ ಪರಂಪರೆ ಇವುಗಳ ಬಗ್ಗೆ ಸಾಕಷ್ಟು ಬರೆಹ ಹುಟ್ಟಿದೆ. ಆದರೆ ಆ ಕೆಲಸಗಳು ಯಾವ ಉಪಕರಣದಿಂದ ನಡೆದವು, ಆ ಉಪಕರಣವನ್ನು ಯಾರು ಮಾಡಿಕೊಟ್ಟರು, ಅದಕ್ಕೆ ಏನನ್ನು ತೆತ್ತರು ಎಂಬ ಪ್ರಶ್ನೆಗಳು ಬದಿಗೆ ಉಳಿದಿವೆ. ಇಂದು ಸ್ವಂತ ಕೈಯಿಂದ ಗಿಟಾರ್ ಕಟ್ಟಲು ಹೊರಡುವ ಹೊಸಬನು ಮೊದಲು ಎದುರಿಸುವುದು ಇದೇ ಪ್ರಶ್ನೆಯನ್ನು: ಯಾವ ಕೈ ಉಪಕರಣ ಬೇಕು, ಯಾವುದು ಬೇಡ, ವಿದ್ಯುತ್ತಿನಿಂದ ನಡೆಯುವ ರೂಟರ್ ಯಂತ್ರಕ್ಕೆ ಎಷ್ಟು ಹಣ ಹಾಕಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಲಿನ ಕುಶಲಕರ್ಮಿಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಹಳೆಯದೂ ಗಟ್ಟಿಯೂ ಆದ ಉತ್ತರವೊಂದಿದೆ. ಇಲ್ಲಿ ಉಪಕರಣದ ಬೆಲೆ ಅದರ ಹಿಡಿಯಲ್ಲಿಯೂ ಹೊಳಪಿನಲ್ಲಿಯೂ ಇರಲಿಲ್ಲ, ಅದರ ಬಾಯಿಯ ಉಕ್ಕಿನಲ್ಲಿತ್ತು. ಮತ್ತು ತಪ್ಪಿದರೆ ತಿದ್ದಲಾಗದ ಕೆಲಸ ಯಾವುದೋ ಆ ಕೆಲಸದ ಉಪಕರಣಕ್ಕೆ ಮಾತ್ರ ಹೆಚ್ಚಿನ ಕಾಳಜಿ ಸಲ್ಲುತ್ತಿತ್ತು.

ಈ ಸೀಮೆಯಲ್ಲಿ ಕಲ್ಲುಗೆಲಸದ ಎರಡು ಬೇರೆ ಬೇರೆ ಲೋಕಗಳು ಅಕ್ಕಪಕ್ಕದಲ್ಲಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ ಗೊಮ್ಮಟ ಮೂರ್ತಿಯು ಸುಮಾರು 58 ಅಡಿ ಎತ್ತರದ ಏಕಶಿಲೆ, ಅದೂ ಕಠಿಣವಾದ ಕಣಶಿಲೆ, ಅಂದರೆ ಗ್ರಾನೈಟ್. ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಾದರೋ ಬಳಪದ ಕಲ್ಲಿನದು. ಅದರ ಹೊರಗೋಡೆಯ ಮೂರ್ತಿಗಳಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳು ಕಾಣುತ್ತವೆ. ಹಾಸನಕ್ಕೆ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವು ಹನ್ನೆರಡನೆಯ ಶತಮಾನದ ಎರಡನೆಯ ದಶಕದ್ದು, ಬೇಲೂರಿನ ಚೆನ್ನಕೇಶವ ದೇವಾಲಯವು 1117ರದ್ದು. ಬಳಪದ ಕಲ್ಲು ಗಣಿಯಿಂದ ಹೊರಬಂದಾಗ ಮೆದುವಾಗಿದ್ದು, ಅದರಲ್ಲಿ ಚೂಪಾದ ಸಣ್ಣ ಉಳಿಯಿಂದ ಎಳೆ ಎಳೆಯಾಗಿ ಕೊರೆಯಬಹುದಾದುದರಿಂದ ಹೊಯ್ಸಳ ಶಿಲ್ಪಕ್ಕೂ ಮರ, ಗಂಧ, ದಂತಗಳ ಕೆತ್ತನೆಗೂ ಇರುವ ಹೋಲಿಕೆಯನ್ನು ಕಲಾಚರಿತ್ರೆಕಾರರು ಹಲವು ಬಾರಿ ಗುರುತಿಸಿದ್ದಾರೆ. ಈ ದೇವಾಲಯಗಳ ನುಣುಪಾದ ಕಂಬಗಳನ್ನು ತಿರುಗಣೆಗೆ ಕೊಟ್ಟು, ಅಂದರೆ ಕಲ್ಲನ್ನು ಅಚ್ಚಿನ ಮೇಲೆ ತಿರುಗಿಸುತ್ತ ಉಳಿಯನ್ನು ಒತ್ತಿಹಿಡಿದು ಕಡೆದಿರುವ ಗುರುತುಗಳೂ ಸ್ಪಷ್ಟವಾಗಿವೆ. ಕಲ್ಲಿನ ಓಜನೂ, ಅಂದರೆ ಕುಶಲಕರ್ಮಿಯೂ, ಮರದ ಓಜನೂ ಒಂದೇ ಪಂಚಾಳ ಸಮುದಾಯಕ್ಕೆ ಸೇರಿದವರಾಗಿ, ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿ ಎಂಬ ಐದು ಕಸುಬುಗಳೂ ನೆಂಟಸ್ತಿಕೆಯ ಮನೆಗಳೊಳಗೆ ಹಂಚಿಹೋಗಿದ್ದುದರಿಂದ ಒಂದರ ಉಪಕರಣಜ್ಞಾನ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತಿತ್ತು.

ಕಣಶಿಲೆಯ ಮೇಲೆ ಕೆಲಸ ಮಾಡುವ ಉಳಿಯ ಮೊನೆ ಬೇಗನೆ ಮೊಂಡಾಗುತ್ತದೆ. ಆದ್ದರಿಂದ ಕಲ್ಲುಕುಟಿಗರು ದುಡಿಯುವ ಕಡೆಯಲ್ಲೆಲ್ಲ ಕುಲುಮೆಯೊಂದು ಹತ್ತಿರದಲ್ಲಿಯೇ ಉರಿಯುತ್ತಿರಬೇಕಾಗುತ್ತದೆ, ಮೊಂಡಾದ ಉಳಿಗಳನ್ನು ಕಾಯಿಸಿ, ತಟ್ಟಿ, ನೀರಿಗದ್ದಿ ಹದ ಕೊಟ್ಟು ಹಿಂದಿರುಗಿಸುವ ಕಮ್ಮಾರನು ಶಿಲ್ಪಿಯಷ್ಟೇ ಅವಶ್ಯವಾಗುತ್ತಾನೆ. ಹದ ಎಂದರೆ ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ತಣಿಸಿ ಗಡುಸು ಮಾಡಿ, ಬಳಿಕ ಅದು ಸಿಡಿದು ಒಡೆಯದಂತೆ ಮತ್ತೆ ಸ್ವಲ್ಪ ಬಿಸಿ ಮಾಡಿ ಆ ಗಡಸುತನವನ್ನು ಬೇಕಾದಷ್ಟಕ್ಕೆ ಇಳಿಸುವ ಕ್ರಮ. ಬಿಸಿಯಾಗುವಾಗ ಲೋಹದ ಮೈಮೇಲೆ ಹರಿಯುವ ಹುಲ್ಲುಹಳದಿ, ಕಂದು, ನೀಲಿ ಬಣ್ಣಗಳನ್ನು ನೋಡಿಯೇ ಕಮ್ಮಾರನು ಎಲ್ಲಿ ನಿಲ್ಲಿಸಬೇಕೆಂಬುದನ್ನು ತಿಳಿಯುತ್ತಾನೆ. ಗೊಮ್ಮಟನ ಮುಂದೆ ನಿಂತವರು ಈ ಕಾಣದ ಕುಲುಮೆಯನ್ನು ನೆನೆಯುವುದು ಅಪರೂಪ, ಆದರೆ ಆ ಮುಖದ ನುಣುಪಿನ ಹಿಂದೆ ಲೆಕ್ಕವಿಲ್ಲದಷ್ಟು ಸಲ ತಟ್ಟಿಸಿಕೊಂಡ ಉಳಿಗಳಿವೆ.

ಹಳ್ಳಿಗಳಲ್ಲಿ ಇದೇ ಸಂಬಂಧವು ಆಯಗಾರ ಪದ್ಧತಿಯಲ್ಲಿ ನೆಲೆಗೊಂಡಿತ್ತು. ಆಯ ಎಂಬುದು ಊರಿನ ಹನ್ನೆರಡು ಬಗೆಯ ಸೇವಕರಿಗೆ ಸುಗ್ಗಿಯ ಕಣದಲ್ಲಿ ಪ್ರತಿ ಒಕ್ಕಲು ಅಳೆದುಕೊಡುತ್ತಿದ್ದ ಧಾನ್ಯದ ಪಾಲು. ಆ ಹನ್ನೆರಡರಲ್ಲಿ ಬಡಗಿಯೂ ಕಮ್ಮಾರನೂ ಸೇರಿದ್ದರು. ರೈತನು ನೇಗಿಲ ಕುಳ ತಟ್ಟಿಸುವುದಕ್ಕೂ ಕುಡುಗೋಲಿಗೆ ಕಕ್ಕು ಹಾಕಿಸುವುದಕ್ಕೂ ಆಗಿಂದಾಗ್ಗೆ ಹಣ ಕೊಡುತ್ತಿರಲಿಲ್ಲ, ವರ್ಷದ ರಾಗಿಯೋ ಭತ್ತವೋ ಆ ಋಣವನ್ನು ತೀರಿಸುತ್ತಿತ್ತು. ಬಡಗಿಯ ಪೆಟ್ಟಿಗೆಯೂ ಇದೇ ಕುಲುಮೆಯಲ್ಲಿ ತುಂಬುತ್ತಿತ್ತು: ಮರವನ್ನು ಒರಟಾಗಿ ಚೆತ್ತಲು ಬಾಚಿ, ತೂತು ಹೊಡೆಯಲು ಕಮಾನಿನ ಹಗ್ಗದಿಂದ ತಿರುಗಿಸುವ ಬೈರಿಗೆ, ಕೊಯ್ಯಲು ಗರಗಸ, ಹಳ್ಳ ತೆಗೆಯಲು ಅಗಲ ಕಿರಿದಿನ ಉಳಿಗಳು, ಅವುಗಳನ್ನು ಹೊಡೆಯಲು ಮರದ ಕೊಡತಿ, ನುಣುಪಿಗೆ ಹತ್ತರಿ, ಅಂದರೆ ಉಜ್ಜುಗೊರಡು, ತಿದ್ದಲು ಅರ, ಮಸೆಯಲು ಸಾಣೆಕಲ್ಲು. ಹಿಡಿಗಳನ್ನೂ ಹತ್ತರಿಯ ಮೈಯನ್ನೂ ಬಡಗಿಯು ತಾನೇ ಮಾಡಿಕೊಳ್ಳುತ್ತಿದ್ದನು; ಕಮ್ಮಾರನಿಂದ ಅವನು ಪಡೆಯುತ್ತಿದ್ದುದು ಅಲಗು ಮಾತ್ರ, ಆ ಅಲಗಿನಲ್ಲಿಯೂ ಮೈಯೆಲ್ಲ ಮೆದು ಕಬ್ಬಿಣವಾಗಿದ್ದು ಬಾಯಿಗೆ ಮಾತ್ರ ಉಕ್ಕಿನ ತುಂಡನ್ನು ಬೆಸೆಯುವುದು ವಾಡಿಕೆಯಾಗಿತ್ತು. ದುಬಾರಿಯಾದ ವಸ್ತುವನ್ನು ಅದು ಕೆಲಸ ಮಾಡುವ ಬೆರಳಗಲದ ಜಾಗಕ್ಕೆ ಮಾತ್ರ ಬಳಸುವ ಈ ವಿವೇಕವೇ ಆ ಪೆಟ್ಟಿಗೆಯನ್ನು ಬಡವನ ಕೈಗೆ ಎಟುಕುವಂತೆ ಮಾಡಿತು.

ಆ ಉಕ್ಕು ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಲಿಖಿತ ಸಾಕ್ಷ್ಯವಿದೆ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಬ್ಬಿಣ ಕರಗಿಸುವ ಕುಲುಮೆಗಳನ್ನೂ, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡನ್ನು ಕಟ್ಟಿಗೆಯ ಚೂರು ಮತ್ತು ಎಲೆಗಳೊಂದಿಗೆ ಮುಚ್ಚಿ ಕಾಯಿಸಿ ಉಕ್ಕು ಮಾಡುವ ವಿಧಾನವನ್ನೂ ವಿವರವಾಗಿ ದಾಖಲಿಸಿದ್ದಾನೆ. ಮುಚ್ಚಿದ ಮೂಸೆಯಲ್ಲಿ ಕಟ್ಟಿಗೆಯ ಇಂಗಾಲವು ಕಬ್ಬಿಣದೊಳಗೆ ಸೇರಿ ಅದನ್ನು ಉಕ್ಕಾಗಿಸುತ್ತದೆ. ಯುರೋಪಿನ ವಿದ್ವಾಂಸರು ವೂಟ್ಜ್ ಎಂದು ಕರೆದು ಬೆರಗುಗೊಂಡು ಪರೀಕ್ಷಿಸಿದ್ದು ಇದೇ ಬಗೆಯ ಉಕ್ಕನ್ನು. ತಂತಿವಾದ್ಯದ ಚರಿತ್ರೆಗೆ ಇನ್ನೂ ಮುಖ್ಯವಾದ ಸಂಗತಿಯೊಂದನ್ನು ಅವನು ಚನ್ನಪಟ್ಟಣದಲ್ಲಿ ಕಂಡನು. ಇದು ಬೆಂಗಳೂರು ಮೈಸೂರುಗಳ ನಡುವಣ ಚನ್ನಪಟ್ಟಣ, ಹಾಸನ ಜಿಲ್ಲೆಯ ಚನ್ನರಾಯಪಟ್ಟಣವಲ್ಲ. ಅಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯು ಭಾರತದ ದೂರ ದೂರದ ಪ್ರಾಂತ್ಯಗಳಿಗೆ ಹೋಗುವಷ್ಟು ಪ್ರಸಿದ್ಧವಾಗಿತ್ತು. ತಂತಿ ಎಳೆಯುವುದೆಂದರೆ ಉಕ್ಕಿನ ಸಣ್ಣ ಸಲಾಕೆಯನ್ನು ಒಂದಕ್ಕಿಂತ ಒಂದು ಕಿರಿದಾದ ತೂತುಗಳ ಮೂಲಕ ಸರದಿಯಾಗಿ ಜಗ್ಗಿ ಸಪೂರಗೊಳಿಸುವುದು. ಲೋಹದಲ್ಲಿ ಒಂದು ಕಲ್ಮಶವಿದ್ದರೂ ತಂತಿ ಅಲ್ಲಿಯೇ ತುಂಡಾಗುತ್ತದೆ, ತುಂಡಾಗದಿದ್ದರೆ ನಾದ ಕೆಡುತ್ತದೆ. ಉಳಿಯ ಬಾಯಿಗೂ ವೀಣೆಯ ತಂತಿಗೂ ಒಂದೇ ನಾಡಿನ ಉಕ್ಕು ಒದಗುತ್ತಿತ್ತೆಂಬುದು ಈ ಚರಿತ್ರೆಯ ಹೆಮ್ಮೆಯ ಸಂಗತಿ, ಮತ್ತು ಹತ್ತೊಂಬತ್ತನೆಯ ಶತಮಾನದಲ್ಲಿ ಅಗ್ಗದ ವಿಲಾಯಿತಿ ಕಬ್ಬಿಣ ಬಂದಂತೆಲ್ಲ ಈ ಕುಲುಮೆಗಳು ಆರಿಹೋದದ್ದು ಅದರ ನೋವಿನ ಸಂಗತಿ.

ಹೊಯ್ಸಳ ದೇವಾಲಯಗಳ ಪಟ್ಟಿಕೆಗಳಲ್ಲಿ ಮದ್ದಳೆ, ತಾಳ, ಕೊಳಲು ಹಿಡಿದವರ ಸಾಲುಸಾಲೇ ಇದೆ. ಆ ಕಾಲದ ವೀಣೆಯಾದರೋ ಉದ್ದನೆಯ ದಂಡಕ್ಕೆ ಸೋರೆಬುರುಡೆ ಕಟ್ಟಿದ ರೂಪದ್ದು. ಬಿದಿರನ್ನೋ ಕೋಲನ್ನೋ ನೇರ ಮಾಡಿ, ಬುರುಡೆಯನ್ನು ಒಣಗಿಸಿ ಬಿಗಿದರೆ ವಾದ್ಯ ಸಿದ್ಧವಾಗುತ್ತಿದ್ದುದರಿಂದ ಅದಕ್ಕೆ ಬಡಗಿಯ ದೊಡ್ಡ ಕೆಲಸವೇನೂ ಬೇಕಿರಲಿಲ್ಲ. ಮರದ ದಿಮ್ಮಿಯನ್ನು ತೋಡಿ ನಾದ ತುಂಬುವ ಕೊಡ ಮಾಡಿ, ದಂಡಿಯ ಮೇಲೆ ಸ್ವರಸ್ಥಾನದ 24 ಮೆಟ್ಟಿಲುಗಳನ್ನು ನುಡಿಸುವಾಗ ಕದಲದಂತೆ ಕೂಡಿಸುವ ಇಂದಿನ ವೀಣೆಯು ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ ರೂಪುಗೊಂಡಿತೆಂಬುದು ಪರಂಪರೆಯ ನಂಬಿಕೆ. ಮೈಸೂರು ಒಡೆಯರ ಆಶ್ರಯದಲ್ಲಿ ಈ ವಾದ್ಯವು ಶೇಷಣ್ಣ (1852–1926) ಮೊದಲಾದ ವೈಣಿಕರ ಕೈಯಲ್ಲಿ ಪರಾಕಾಷ್ಠೆಗೆ ಏರಿದಾಗ ಮೈಸೂರು ನಗರವು ವೀಣೆ ತಯಾರಿಕೆಯ ಕೇಂದ್ರಗಳಲ್ಲಿ ಒಂದಾಯಿತು.

ಈ ಸಂಗೀತಲೋಕಕ್ಕೆ ಹಾಸನ ಸೀಮೆಯು ಕೊಟ್ಟ ಕಾಣಿಕೆ ದೊಡ್ಡದು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲಿರುವ ರುದ್ರಪಟ್ಟಣವು ಸಂಗೀತಗ್ರಾಮವೆಂದೇ ಹೆಸರಾದ ಊರು. ಸಂಕೇತಿ ಸಮುದಾಯದ ಮನೆತನಗಳು ನೆಲೆಸಿದ ಈ ಊರಿನಿಂದ 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರೆಂದು ಪ್ರಸಿದ್ಧರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ ಮೊದಲಾದವರು ಬಂದರು. ಪದ್ಮನಾಭ ಅವರ ಶ್ರಮದಿಂದ ಊರಿನಲ್ಲಿ ತಂಬೂರಿಯ ಆಕಾರದ ಮಂದಿರವೊಂದು ಎದ್ದು ನಿಂತಿದೆ. ಇದೇ ಜಿಲ್ಲೆಯ ಗಡ್ಡವಳ್ಳಿಯಲ್ಲಿ ಹುಟ್ಟಿದ ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಮೈಸೂರು ಬಾನಿಯ ವೀಣೆಯನ್ನು ದೇಶವೆಲ್ಲ ಕೇಳುವಂತೆ ಮಾಡಿದರು. ರುದ್ರಪಟ್ಟಣದವರೇ ಆದ ಆರ್.ಎಸ್. ಕೇಶವಮೂರ್ತಿಯವರು 24 ತಂತಿಗಳ ವೀಣೆಯನ್ನು ನುಡಿಸುತ್ತಿದ್ದರೆಂಬುದು ಉಪಕರಣಗಳ ದೃಷ್ಟಿಯಿಂದಲೂ ಗಮನಾರ್ಹ. ಸಾಮಾನ್ಯ ವೀಣೆಗೆ 4 ಮೀಟುವ ತಂತಿ, 3 ತಾಳದ ತಂತಿ, ಅವುಗಳನ್ನು ಬಿಗಿಯಲು ಒಟ್ಟು 7 ಬಿರಡೆ ಸಾಕು. ತಂತಿ 24 ಆದಾಗ ಬಿರಡೆಗಳು ಅದಕ್ಕೆ ತಕ್ಕಂತೆ ಹೆಚ್ಚಬೇಕು, ಪ್ರತಿ ಬಿರಡೆಯ ತೂತೂ ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದಾಗಿ ಬಿರಡೆಯ ಮೊನಚಿಗೆ ಸರಿಹೊಂದಬೇಕು, ಎಲ್ಲ ತಂತಿಗಳ ಬಿಗಿತವನ್ನು ದಂಡಿಯು ಬಾಗದೆ ತಾಳಬೇಕು. ಅಂಥ ವಾದ್ಯದ ಕೀರ್ತಿಯಲ್ಲಿ ಅದನ್ನು ಕಡೆದ ಕೈಗೂ ಸಮಪಾಲು ಸಲ್ಲಬೇಕು.

ವೀಣೆಯನ್ನು ಮಾಡುವ ಕ್ರಮವನ್ನು ಹಂತ ಹಂತವಾಗಿ ನೋಡಿದರೆ ಉಪಕರಣಗಳ ಲೆಕ್ಕ ಎಷ್ಟು ಚಿಕ್ಕದೆಂಬುದು ತಿಳಿಯುತ್ತದೆ. ಹಲಸಿನ ದಿಮ್ಮಿಯನ್ನು ಸೀಳಿ, ನೆರಳಿನಲ್ಲಿ ಒಣಗಿಸಿ, ಕೈವಾರದಿಂದ ಕೊಡದ ಸುತ್ತಳತೆಯನ್ನು ಗೀಚಿದ ಮೇಲೆ ಹೊರಮೈಯನ್ನು ಬಾಚಿಯಿಂದ ಚೆತ್ತಿ ದುಂಡಗೆ ಮಾಡುತ್ತಾರೆ. ಒಳಗಿನ ತಿರುಳನ್ನು ತೋಡುವುದು ಎಲ್ಲಕ್ಕಿಂತ ಬೆವರಿನ ಕೆಲಸ: ಮೊದಲು ಬಾಗಿದ ಬಾಚಿಯಿಂದಲೂ ಕೊಡತಿಯ ಪೆಟ್ಟಿನ ದುಂಡು ಉಳಿಯಿಂದಲೂ ದಪ್ಪ ಚಕ್ಕೆಗಳನ್ನು ಎಬ್ಬಿಸಿ, ಗೋಡೆ ತೆಳುವಾದಂತೆಲ್ಲ ಪೆಟ್ಟನ್ನು ಬಿಟ್ಟು ಕೈಯ ಒತ್ತಡಕ್ಕೆ ಬರುತ್ತಾರೆ, ಬೆರಳಿನಿಂದ ತಟ್ಟಿ ಕೇಳಿ ಎಲ್ಲಿ ದಪ್ಪ ಉಳಿದಿದೆಯೆಂಬುದನ್ನು ನಿರ್ಣಯಿಸುತ್ತಾರೆ. ಆಮೇಲೆ ದಂಡಿ, ಯಾಳಿಯ ಮುಖ, ಮೇಲುಹಲಗೆ, ಕುದುರೆ, ಬಿರಡೆಗಳ ಸರದಿ. ಕೊನೆಯಲ್ಲಿ ಜೇನುಮೇಣಕ್ಕೆ ಕಪ್ಪು ಬೆರೆಸಿ ಮಾಡಿದ ದಿಂಡಿನ ಮೇಲೆ ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಊರಿ, ಕಿವಿಯಿಂದ ಸ್ವರ ಹಿಡಿದು ಸ್ಥಾನ ನಿಶ್ಚಯಿಸುವ ಮೇಳಕಟ್ಟುವ ಕೆಲಸ. ಮೆಟ್ಟಿಲು ಕೂದಲೆಳೆಯಷ್ಟು ತಪ್ಪಿದರೂ ಮೇಣವನ್ನು ಬಿಸಿ ಮಾಡಿ ಸರಿಸಬಹುದು. ಆದರೆ ಕೊಡದ ಗೋಡೆಗೆ ಉಳಿ ಒಮ್ಮೆ ತೂತು ಮಾಡಿದರೆ ವಾರಗಳ ದುಡಿಮೆ ಸೌದೆಯಾಗುತ್ತದೆ. ಆದುದರಿಂದಲೇ ವೀಣೆಯ ಕುಶಲಕರ್ಮಿಯು ತನ್ನ ದುಂಡು ಉಳಿಯನ್ನು ಇನ್ನೊಬ್ಬರ ಕೈಗೆ ಸುಲಭವಾಗಿ ಕೊಡುವುದಿಲ್ಲ.

ಈ ವಿದ್ಯೆ ಹುಟ್ಟಿನಿಂದ ಮಾತ್ರ ಬರುವುದೆಂಬ ಭಾವನೆಯನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ಅಲ್ಲಗಳೆಯುತ್ತದೆ. ಅಲ್ಲಿ ಬಡಗಿ ಕುಲದವರಲ್ಲದ ಹಳ್ಳಿಯ ಕುಟುಂಬಗಳು ಇಪ್ಪತ್ತನೆಯ ಶತಮಾನದಲ್ಲಿ ಈ ಕಸುಬನ್ನು ಕಲಿತು, ಹಲಸಿನ ಮರದಿಂದ ವೀಣೆಯ ಮೈಗಳನ್ನು ಮಾಡುತ್ತ ಊರಿಗೆ ವೀಣೆಯ ಗ್ರಾಮವೆಂಬ ಹೆಸರು ತಂದವು. ಮನೆಯ ಅಂಗಳ, ಮರದ ನೆರಳು, ಒಂದು ಬಾಚಿ, ಕೆಲವು ಉಳಿ, ಒಂದು ಗರಗಸ ಇಷ್ಟರಿಂದಲೇ ಆ ಕಸುಬು ಬೇರೂರಿತು. ದೊಡ್ಡ ಕಾರ್ಯಾಗಾರ ಕಟ್ಟಿದ ಮೇಲೆಯೇ ವಾದ್ಯ ಮಾಡಬಹುದೆಂದು ಕಾದು ಕುಳಿತಿರುವ ಹೊಸಬರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಗಿಟಾರ್ ಈ ಸೀಮೆಗೆ ಹೊರಗಿನ ವಾದ್ಯ. ಆದರೆ ಅದರ ಮೈ ಹೊರಗಿನದಲ್ಲ. ಹಾಸನ ಜಿಲ್ಲೆಯ ಪಶ್ಚಿಮ ಅಂಚಿನ ಸಕಲೇಶಪುರದ ಕಡೆಯ ಕಾಡುಗಳಲ್ಲಿಯೂ ಕಾಫಿ ತೋಟಗಳಲ್ಲಿಯೂ ಬೆಳೆಯುವ ಬೀಟೆಯು ಜಗತ್ತಿನ ಗಿಟಾರ್ ತಯಾರಕರು ಅತ್ಯಂತ ಬಯಸುವ ಮರಗಳಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ (1817–1892) ಗಿಟಾರಿನ ಮೈಯನ್ನು ಅಗಲಗೊಳಿಸಿ ಇಂದಿನ ಶಾಸ್ತ್ರೀಯ ಗಿಟಾರಿನ ಅಳತೆಗಳನ್ನು ಸ್ಥಿರಪಡಿಸಿದ ಮೇಲೆ ಬೆನ್ನು ಮತ್ತು ಪಕ್ಕಗಳಿಗೆ ಬ್ರೆಜಿಲ್ ದೇಶದ ಬೀಟೆ ಜಾತಿಯ ಮರವೇ ಶ್ರೇಷ್ಠವೆಂಬ ಮಾತು ಬೇರೂರಿತ್ತು. ಆ ದೇಶವು ದಿಮ್ಮಿಗಳ ರಫ್ತಿಗೆ ಕಡಿವಾಣ ಹಾಕಿದಾಗ ಅಮೆರಿಕದ ಮಾರ್ಟಿನ್ ಕಂಪನಿಯು 1969ರಲ್ಲಿ ಭಾರತದ ಬೀಟೆಗೆ ತಿರುಗಿತು, ಉಳಿದವರೂ ಹಿಂಬಾಲಿಸಿದರು. ಬ್ರೆಜಿಲಿನ ಬೀಟೆಯೊಂದನ್ನು ಬಿಟ್ಟು ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳನ್ನೂ 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಸಿದ್ಧಗೊಂಡ ಸಂಗೀತವಾದ್ಯಗಳಿಗೆ 2019ರ ಕೊನೆಯಿಂದ ವಿನಾಯಿತಿ ದೊರೆಯಿತು. ಮಲೆನಾಡಿನ ಮರ ಪೆನ್ಸಿಲ್ವೇನಿಯಾದಲ್ಲಿ ವಾದ್ಯವಾಗಿ ಮರಳಿ ಬೆಂಗಳೂರಿನ ಅಂಗಡಿಯಲ್ಲಿ ಬಹು ದೊಡ್ಡ ಬೆಲೆಗೆ ಮಾರಾಟವಾಗುತ್ತಿದ್ದರೂ ಅದೇ ಮರದ ನೆರಳಿನ ಊರುಗಳಲ್ಲಿ ಗಿಟಾರ್ ಕಟ್ಟುವ ಕಸುಬು ಹುಟ್ಟದೆ ಹೋದದ್ದು ವಿಷಾದದ ಸಂಗತಿ. ಬೀಟೆಯನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕಾದುದರಿಂದ ಹೊಸಬನು ಪರವಾನಗಿಯುಳ್ಳ ಮರದ ಅಡತಿಯಲ್ಲಿ ರಸೀದಿ ಪಡೆದು ಕೊಂಡರೆ ಮಾತ್ರ ಕ್ಷೇಮ. ಮೊದಲ ವಾದ್ಯಕ್ಕಂತೂ ಹಲಸು ಸಾಕು, ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಕೂಡ ಅಭ್ಯಾಸದ ತುಂಡುಗಳಿಗೆ ಯೋಗ್ಯ.

ವೀಣೆಗೂ ಗಿಟಾರಿಗೂ ಕಟ್ಟುವ ಕ್ರಮದಲ್ಲಿಯೇ ಮೂಲಭೂತ ಭೇದವಿದೆ. ವೀಣೆಯ ಕೊಡವನ್ನು ದಿಮ್ಮಿಯಿಂದ ತೋಡಿ ತೆಗೆಯುತ್ತಾರೆ. ಗಿಟಾರಿನ ಮೈಯನ್ನಾದರೋ ಸುಮಾರು 2ರಿಂದ 3 ಮಿಲಿಮೀಟರ್ ದಪ್ಪದ ಹಲಗೆಗಳನ್ನು ಬಿಸಿ ಕೊಳವೆಯ ಮೇಲೆ ಬಾಗಿಸಿ, ಅಂಟಿನಿಂದ ಕೂಡಿಸಿ ಪೆಟ್ಟಿಗೆಯಾಗಿ ಕಟ್ಟುತ್ತಾರೆ. ವೀಣೆಯ ಮೆಟ್ಟಿಲನ್ನು ಮೇಣದ ಮೇಲೆ ಸರಿಸಬಹುದು. ಗಿಟಾರಿನ ಮೆಟ್ಟಿಲನ್ನು, ಅಂದರೆ ಫ್ರೆಟ್ಟನ್ನು, ಗರಗಸದಿಂದ ಕೊಯ್ದ ಸುಮಾರು 0.6 ಮಿಲಿಮೀಟರ್ ಅಗಲದ ಸೀಳಿನೊಳಗೆ ಹೊಡೆದು ಕೂಡಿಸುವುದರಿಂದ ಅದರ ಸ್ಥಾನ ಶಾಶ್ವತ. ಆ ಸ್ಥಾನಗಳನ್ನು ಗಣಿತ ನಿಶ್ಚಯಿಸುತ್ತದೆ: ತಂತಿಯ ಉಳಿದ ಉದ್ದವನ್ನು ಪ್ರತಿ ಸಲವೂ 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರ ಸಿಗುತ್ತದೆ, 650 ಮಿಲಿಮೀಟರ್ ತಂತಿಯಲ್ಲಿ ಮೊದಲ ಮೆಟ್ಟಿಲು 36.5 ಮಿಲಿಮೀಟರಿನ ಸಮೀಪದಲ್ಲಿ, ಹನ್ನೆರಡನೆಯದು ನಟ್ಟನಡುವೆ 325ರಲ್ಲಿ ಬೀಳುತ್ತದೆ. ವೀಣೆಯಲ್ಲಿ ತಿದ್ದಲಾಗದ ಕೆಲಸ ತೋಡುವುದಾದರೆ ಗಿಟಾರಿನಲ್ಲಿ ಅದು ಈ ಸೀಳುಗಳನ್ನು ಕೊಯ್ಯುವುದು. ಹಳೆಯ ಕುಶಲಕರ್ಮಿಯ ವಿವೇಕವನ್ನು ಇಲ್ಲಿಗೆ ತಂದರೆ, ಹೊಸಬನು ಹಣವನ್ನು ಮೊದಲು ಹಾಕಬೇಕಾದದ್ದು ಸರಿಯಾದ ಅಗಲದ ಫ್ರೆಟ್ ಗರಗಸ, ನಂಬಬಹುದಾದ ಉಕ್ಕಿನ ಅಳತೆಪಟ್ಟಿ ಮತ್ತು ಮೂಲೆಮಟ್ಟ ಇವುಗಳ ಮೇಲೆ.

ಕೈ ಉಪಕರಣಗಳ ಮಾರುಕಟ್ಟೆ ಈ ಸೀಮೆಯಲ್ಲಿ ಬದಲಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಗೆ ರೈಲು ಹಾದಮೇಲೆ ಕಾರ್ಖಾನೆಯ ಸರಕು ಪೇಟೆಗಳಿಗೆ ಸುಲಭವಾಗಿ ತಲುಪತೊಡಗಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅಮೆರಿಕದ ಲಿಯೊನಾರ್ಡ್ ಬೇಲಿ ರೂಪಿಸಿ, 1869ರಲ್ಲಿ ಸ್ಟ್ಯಾನ್ಲಿ ಕಂಪನಿಯು ಹಕ್ಕು ಕೊಂಡ ತಿರುಪಿನ ಕಬ್ಬಿಣದ ಹತ್ತರಿಯ ಮಾದರಿಯೇ ಇಂದು ಭಾರತದಲ್ಲಿ ತಯಾರಾಗುವ ಹತ್ತರಿಗಳದ್ದೂ ಆಗಿದೆ. ಆದರೆ ಕಮ್ಮಾರನು ಸೋಲಲಿಲ್ಲ; ಲಾರಿಗಳು ಬಂದ ಮೇಲೆ ಅವುಗಳ ಮುರಿದ ಕಮಾನುಪಟ್ಟೆಗಳು ಕುಲುಮೆಗೆ ಬಂದವು. ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುವ ಆ ಉಕ್ಕಿನಲ್ಲಿ ಇಂಗಾಲ ಸಾಕಷ್ಟಿರುವುದರಿಂದ ಅದಕ್ಕೆ ಹದ ಚೆನ್ನಾಗಿ ಹಿಡಿಯುತ್ತದೆ, ಆದುದರಿಂದ ಮಚ್ಚು, ಬಾಚಿ, ಉಳಿಗಳಿಗೆ ಅದು ಹಳೆಯ ಮೂಸೆಯ ಉಕ್ಕಿನ ಜಾಗವನ್ನು ತುಂಬಿತು. ಪೇಟೆಯ ಅಂಗಡಿಯಲ್ಲಿ ಹೊಳೆಯುವ ಹಿಡಿಯೊಂದಿಗೆ ಬರುವ ಅತಿ ಅಗ್ಗದ ಉಳಿಗಳ ಸೆಟ್ಟು ಎರಡು ಪೆಟ್ಟಿಗೆ ಬಾಯಿ ಮಡಚಿಕೊಳ್ಳುವ ಸಂದರ್ಭಗಳೇ ಹೆಚ್ಚು; ಅದರ ಬದಲು ಮಧ್ಯಮ ಬೆಲೆಯ 6, 12 ಮತ್ತು 25 ಮಿಲಿಮೀಟರಿನ ಮೂರೇ ಉಳಿಗಳನ್ನು ಕೊಂಡು, ಬಾಗು ಉಳಿ ಬೇಕಾದರೆ ಕಮ್ಮಾರನಿಂದ ಮಾಡಿಸಿಕೊಂಡು, ಉಳಿದ ಹಣವನ್ನು ಎರಡು ಮೈಯ ಎಣ್ಣೆಕಲ್ಲಿಗೆ ಮೀಸಲಿಡುವುದು ಲೇಸು. ಉಳಿಯ ಹಿಮ್ಮೈಯನ್ನು ಕಲ್ಲಿನ ಮೇಲೆ ಕನ್ನಡಿಯಂತೆ ಸಪಾಟು ಮಾಡಿ, ಮುಮ್ಮೈಯನ್ನು ಸುಮಾರು 25 ಡಿಗ್ರಿ ಕೋನದಲ್ಲಿ ಮಸೆದಾಗ ಮಾತ್ರ ಅದು ಉಳಿಯಾಗುತ್ತದೆ, ಅಲ್ಲಿಯವರೆಗೆ ಅದು ಕಬ್ಬಿಣದ ಪಟ್ಟಿ. ಹಳೆಯ ಗರಗಸದ ಅಲಗಿನ ಆಯತಾಕಾರದ ತುಂಡಿನ ಅಂಚನ್ನು ತಿರುವಿ ಮಾಡಿದ ಹೆರೆಪಟ್ಟಿಯು ತಿರುಚು ಎಳೆಯ ಬೀಟೆಯನ್ನು ಹರಿಯದೆ ನುಣುಪುಗೊಳಿಸುತ್ತದೆ, ಅದಕ್ಕೆ ಬೆಲೆಯೇ ಇಲ್ಲವೆನ್ನಬಹುದು.

ರೂಟರ್ ಎಂಬುದು ನಿಮಿಷಕ್ಕೆ ಹತ್ತು ಸಾವಿರದಿಂದ ಮೂವತ್ತು ಸಾವಿರ ಸುತ್ತು ತಿರುಗುವ ಅಲಗನ್ನು, ಅಂದರೆ ಬಿಟ್ಟನ್ನು, ಕೆಳಮುಖವಾಗಿ ಹಿಡಿದ ಮೋಟಾರು. ಇದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದಲ್ಲಿ ಕೈಯಂತ್ರವಾಗಿ ಬಳಕೆಗೆ ಬಂದಿತು. ಅದಕ್ಕೂ ಮುಂಚೆ ಹಳ್ಳದ ತಳವನ್ನು ಒಂದೇ ಆಳಕ್ಕೆ ಕೆರೆಯುವ ಕೈ ಉಪಕರಣವೊಂದು ಯುರೋಪಿನ ಬಡಗಿಗಳಲ್ಲಿ ರೂಢಿಯಲ್ಲಿತ್ತು, ಮರದ ತುಂಡಿಗೆ ಕಿರಿದಾದ ಉಳಿಯನ್ನು ಬೆಣೆಯಿಂದ ಬಿಗಿದರೆ ಅದನ್ನು ಯಾರಾದರೂ ಮಾಡಿಕೊಳ್ಳಬಹುದು. ಗಿಟಾರಿನಲ್ಲಿ ರೂಟರಿಗೆ ನಿಜವಾದ ಕೆಲಸಗಳು ನಾಲ್ಕೈದು ಮಾತ್ರ: ನಾದರಂಧ್ರದ ಸುತ್ತಲಿನ ಅಲಂಕಾರಕ್ಕೆ ಒಂದೆರಡು ಮಿಲಿಮೀಟರ್ ಆಳದ ವೃತ್ತಾಕಾರದ ಕಾಲುವೆ, ಮೈಯ ಅಂಚಿನ ಪಟ್ಟಿಗೆ ಮೆಟ್ಟು, ಕುತ್ತಿಗೆಯೊಳಗೆ ಉಕ್ಕಿನ ಸಲಾಕೆಗೆ ಸುಮಾರು 6 ಮಿಲಿಮೀಟರ್ ಅಗಲದ ಕಾಲುವೆ, ವಿದ್ಯುತ್ ಗಿಟಾರಾದರೆ ಕುತ್ತಿಗೆಯ ಗೂಡು ಮತ್ತು ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ನ ಗೂಡುಗಳು. ವೀಣೆಯವನು ಬಾಚಿ ಮತ್ತು ದುಂಡು ಉಳಿಯಿಂದ ಮಾಡುತ್ತಿದ್ದ ತೋಡುವ ಕೆಲಸವನ್ನೇ ಇದು ಶೀಘ್ರಗೊಳಿಸುತ್ತದೆ. ಆದರೆ ಬಾಚಿಯ ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಯೋಚಿಸಲು ಅವಕಾಶವಿತ್ತು, ರೂಟರಿನ ತಪ್ಪು ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ.

ಆದ್ದರಿಂದ ಹೊಸಬನಿಗೆ ದೊಡ್ಡ ರೂಟರ್ ಬೇಡ; ಅಡುಗೆಮನೆ ಕಪಾಟುಗಳ ಲ್ಯಾಮಿನೇಟ್ ಅಂಚು ಕತ್ತರಿಸಲು ಬಡಗಿಗಳು ಒಂದೇ ಕೈಯಲ್ಲಿ ಹಿಡಿಯುವ ಟ್ರಿಮ್ಮರ್ ಎಂಬ ಚಿಕ್ಕ ಯಂತ್ರವು ಗಿಟಾರಿನ ಬಹುತೇಕ ಕೆಲಸಗಳಿಗೆ ಸಾಕು, ಹಾಸನದಂಥ ಪೇಟೆಯಲ್ಲಿ ಅದು ದೊರೆಯುತ್ತದೆ, ಕೆಟ್ಟರೆ ದುರಸ್ತಿಯೂ ಆಗುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಆಳವನ್ನು ಬಿಗಿಯುವ ತಿರುಪು ಕಂಪನದಲ್ಲಿ ಸಡಿಲಗೊಳ್ಳುವುದಿಲ್ಲವೇ, ಬಿಟ್ಟನ್ನು ಹಿಡಿಯುವ ಕಾಲೆಟ್ಟಿನಲ್ಲಿ ಓಲಾಟವಿಲ್ಲವೇ ಎಂಬೆರಡನ್ನು. ಕಾಲು ಅಂಗುಲ ಎಂದರೆ 6.35 ಮಿಲಿಮೀಟರ್, 6 ಮಿಲಿಮೀಟರಿನ ಬಿಟ್ಟನ್ನು ಕಾಲು ಅಂಗುಲದ ಕಾಲೆಟ್ಟಿಗೆ ಹಾಕಿದರೆ ಅದು ಜಾರಿ ಹಾರುವ ಅಪಾಯವಿದೆ, ಇವೆರಡೂ ಒಂದೇ ಎಂದು ಹೇಳುವ ಅಂಗಡಿಯ ಮಾತನ್ನು ನಂಬಬಾರದು. ಯಂತ್ರಕ್ಕೆ ಕಡಿಮೆ ಹಣ ಹಾಕಿ ಕಾರ್ಬೈಡ್ ಬಾಯಿಯ ಎರಡು ಮೂರು ಒಳ್ಳೆಯ ಬಿಟ್ಟುಗಳಿಗೆ ಹೆಚ್ಚು ಹಾಕುವುದು, ಮೆದು ಕಬ್ಬಿಣದ ಮೈಗೆ ಉಕ್ಕಿನ ಬಾಯಿ ಬೆಸೆದ ಹಳೆಯ ಕಮ್ಮಾರನ ಲೆಕ್ಕಾಚಾರವೇ. ಮೊದಲು ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿ ಅರದಿಂದ ತಿದ್ದಿಕೊಳ್ಳಬೇಕು, ಅಚ್ಚಿನ ತಪ್ಪು ತಿದ್ದಬಹುದಾದ ತಪ್ಪು. ಬಳಿಕ ಒಂದು ಸಲಕ್ಕೆ 3 ಮಿಲಿಮೀಟರಿಗಿಂತ ಹೆಚ್ಚು ಆಳಕ್ಕೆ ಹೋಗದೆ ಹಲವು ಸಲ ಓಡಿಸಬೇಕು. ಬೀಟೆಯ ದೂಳು ಚರ್ಮಕ್ಕೂ ಉಸಿರಿಗೂ ಒಗ್ಗದ ಕಾರಣ ಮುಖಕ್ಕೆ ಸರಿಯಾದ ಮಾಸ್ಕೂ ಕಣ್ಣಿಗೆ ಕನ್ನಡಕವೂ ಉಪಕರಣಗಳ ಲೆಕ್ಕದಲ್ಲಿಯೇ ಸೇರತಕ್ಕವು.

ಅರಕಲಗೂಡು, ಹೊಳೆನರಸೀಪುರಗಳ ಕಡೆಯ ಹಳ್ಳಿಗಳಲ್ಲಿ ಆಯದ ಪದ್ಧತಿ ಮುಗಿದಿದೆ. ಕಾರ್ಖಾನೆಯ ಕುಳ, ಟ್ರ್ಯಾಕ್ಟರು, ಪ್ಲೈವುಡ್ ಕಪಾಟುಗಳು ಕಮ್ಮಾರ ಬಡಗಿಗಳ ಹಳೆಯ ಕೆಲಸವನ್ನು ಕಿತ್ತುಕೊಂಡಿವೆ, ಉಳಿದಿರುವ ಕುಲುಮೆಗಳೂ ವಯಸ್ಸಾದವರ ಕೈಯಲ್ಲಿವೆ. ಉಳಿಗೆ ಹದ ಕೊಡುವಾಗ ಬಣ್ಣ ನೋಡುವ ಕಣ್ಣು ಪುಸ್ತಕದಿಂದ ಬರುವಂಥದ್ದಲ್ಲ. ಗಿಟಾರ್ ಕಟ್ಟಲು ಬಯಸುವ ಈ ಸೀಮೆಯ ಯುವಜನರು ಪೇಟೆಯ ಅಂಗಡಿಗೆ ಹೋಗುವ ಮುನ್ನ ಹತ್ತಿರದ ಕುಲುಮೆಗೆ ಹೋಗಲಿ, ಅಲ್ಲಿ ಒಂದು ಉಳಿಯನ್ನು ಮಾಡಿಸಿಕೊಳ್ಳಲಿ, ಅದಕ್ಕೆ ತಕ್ಕ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಲಿ, ಮಸೆಯುವುದನ್ನು ಆ ಹಿರಿಯರಿಂದಲೇ ಕಲಿಯಲಿ. ರೂಟರನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಲಿ.